ಅರ್ಧ ರೇಡಿಯೊ ಹಿಡಿದು ಬದುಕಿದ ಸೈನ್ಯ

‘ಲಾಂಗ್ ಮಾರ್ಚ್’ ಎಂದರೆ ಹಿಮದ ಬೆಟ್ಟ, ಕಬ್ಬಿಣದ ಸರಪಳಿಯ ಸೇತುವೆ, ಹಸಿದ ಸೈನಿಕರು ನೆನಪಾಗುತ್ತಾರೆ. ಎಲೆಕ್ಟ್ರಾನಿಕ್ಸ್ ಓದುವ ನನಗೆ ಇಷ್ಟವಾಗಿದ್ದು ಮಾತ್ರ ಅದಕ್ಕೂ ಮೊದಲಿನ ಒಂದು ಸಣ್ಣ ಕಥೆ. ಅದರ ನಾಯಕ ಒಂದು ಮುರಿದ ರೇಡಿಯೊ!

1921ರಲ್ಲಿ ಶಾಂಘೈನಲ್ಲಿ ಹುಟ್ಟಿದ ಚೀನಾದ ಕಮ್ಯುನಿಸ್ಟ್ ಪಕ್ಷ 1927ರಲ್ಲಿ ಅದೇ ಊರಿನಲ್ಲಿ ಸಾಯಬೇಕಿತ್ತು. ಅಲ್ಲಿಯವರೆಗೆ ಮಿತ್ರನಾಗಿದ್ದ ಚಿಯಾಂಗ್ ಕೈ-ಶೇಕ್ ಏಪ್ರಿಲ್‌ನಲ್ಲಿ ತಿರುಗಿಬಿದ್ದು ಕಮ್ಯುನಿಸ್ಟರನ್ನು, ಕಾರ್ಮಿಕರನ್ನು ಕೊಲ್ಲಿಸಿದ. ಉಳಿದವರಲ್ಲಿ ಅನೇಕರು ಜಿಯಾಂಗ್‌ಶಿಯ ಗುಡ್ಡಗಾಡು ಸೇರಿಕೊಂಡರು. 1930ರ ಕೊನೆಗೆ ಸುಮಾರು 1 ಲಕ್ಷ ಸೈನಿಕರು ಅಲ್ಲಿಗೂ ಮುತ್ತಿಗೆ ಹಾಕಿದರು.

ಡಿಸೆಂಬರ್ 30ರಂದು ಲಾಂಗ್‌ಗಾಂಗ್‌ನಲ್ಲಿ ಗೆದ್ದಿದ್ದು ಕೆಂಪು ಸೇನೆ. ವಶವಾದ ಸಾಮಾನಿನಲ್ಲಿ ಒಂದು ರೇಡಿಯೊ ಕೇಂದ್ರವೂ ಇತ್ತು. ಏನೆಂದು ತಿಳಿಯದ ರೈತರ ಮಕ್ಕಳು ಟ್ರಾನ್ಸ್‌ಮಿಟರ್ ಒಡೆದುಹಾಕಿದರು. ಉಳಿದಿದ್ದು ರಿಸೀವರ್ ಮಾತ್ರ. ಮಾತನಾಡಲು ಆಗದು, ಕೇಳಲು ಆಗುತ್ತದೆ!

ಅದನ್ನು ನಡೆಸಲು ಬಲ್ಲವರು ಸೆರೆಸಿಕ್ಕ ಶತ್ರು ಆಪರೇಟರ್‌ಗಳೇ. ಮಾವೋ ಮತ್ತು ಝು ದೆ ಅವರನ್ನು ಮರ್ಯಾದೆಯಿಂದ ಮಾತನಾಡಿಸಿ ಕೆಲಸಕ್ಕೆ ಕರೆದರು. ವಾಂಗ್ ಝೆಂಗ್ ಎಂಬ ಯುವಕ ಒಪ್ಪಿಕೊಂಡ. ಮುಂದೆ ಇದೇ ವಾಂಗ್ ಚೀನಾದ ಎಲೆಕ್ಟ್ರಾನಿಕ್ಸ್ ಉದ್ಯಮದ ಸಚಿವರಾದರು. ಕೆಲವೇ ದಿನಗಳಲ್ಲಿ ಇಡೀ ಸೆಟ್ಟೊಂದು ಸಿಕ್ಕಿತು. 1932ರ ಹೊತ್ತಿಗೆ ಶತ್ರುವಿನ ಗೂಢಲಿಪಿಯನ್ನೂ ಬಿಡಿಸತೊಡಗಿದರು.

ಹಾಗಂತ ರೇಡಿಯೊ ಮಂತ್ರದಂಡವಲ್ಲ. ಐದನೇ ಮುತ್ತಿಗೆಯಲ್ಲಿ ಚಿಯಾಂಗ್ ಸುತ್ತಲೂ ಸಾವಿರಾರು ಸಣ್ಣ ಕೋಟೆ ಕಟ್ಟಿಸಿ, ಉಪ್ಪೂ ಒಳಹೋಗದಂತೆ ತಡೆದ. ಶತ್ರುವಿನ ಯೋಜನೆ ಗೊತ್ತಾದ ಮಾತ್ರಕ್ಕೆ ಗೋಡೆ ಬೀಳುವುದಿಲ್ಲವಲ್ಲ. 1934ರ ಅಕ್ಟೋಬರ್‌ನಲ್ಲಿ ಸುಮಾರು 86 ಸಾವಿರ ಮಂದಿ ಹೊರಟರು. ಶಿಯಾಂಗ್ ನದಿ ದಾಟುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಲ್ಲವಾಗಿದ್ದರು: ಕೆಲವರು ಸತ್ತರು, ಕೆಲವರು ಓಡಿಹೋದರು.

1935ರ ಜನವರಿಯಲ್ಲಿ ಜುನ್‌ಯಿ ಸಭೆಯ ನಂತರ ಮಾವೋ ಮಾತಿಗೆ ಬೆಲೆ ಬಂತು. ಆಮೇಲಿನದು ಕಣ್ಣಾಮುಚ್ಚಾಲೆ. ಚಿಶುಯಿ ನದಿಯನ್ನು ಸೇನೆ ನಾಲ್ಕು ಸಲ ದಾಟಿತು. ಶತ್ರು ಎಲ್ಲಿದ್ದಾನೆಂದು ಕದ್ದು ಕೇಳಿದ ಸಂದೇಶಗಳು ಹೇಳುತ್ತಿದ್ದವು. ಅಕ್ಟೋಬರ್‌ನಲ್ಲಿ ಶಾನ್‌ಶಿಯ ಉತ್ತರ ಭಾಗ ತಲುಪಿದವರು ಏಳೆಂಟು ಸಾವಿರ ಅಷ್ಟೇ.

ಈ ಕಥೆಗೆ ಕಹಿಯಾದ ಇನ್ನೊಂದು ಮುಖವಿದೆ. ಲಾಂಗ್‌ಗಾಂಗ್ ಗೆದ್ದ ಅದೇ ಡಿಸೆಂಬರ್‌ನಲ್ಲಿ, ಅದೇ ಪ್ರಾಂತ್ಯದ ಫುಟಿಯನ್‌ನಲ್ಲಿ, ಪಕ್ಷದವರನ್ನೇ ಗೂಢಚಾರರೆಂದು ಹಿಡಿದು ಹಿಂಸಿಸಲಾಯಿತು. ಇಂಥ ಶುದ್ಧೀಕರಣಕ್ಕೆ ಸಾವಿರಾರು ಜನ ಬಲಿಯಾದರು. ಶತ್ರುವಿನ ಆಪರೇಟರ್‌ನನ್ನು ನಂಬಿದ ಚಳವಳಿಗೆ ತನ್ನ ಸಂಗಾತಿಗಳನ್ನೇ ನಂಬಲಾಗಲಿಲ್ಲ.

ಲ್ಯಾಬಿನಲ್ಲಿ ನಾವು ಸಿಗ್ನಲ್ಲನ್ನು ಗದ್ದಲದಿಂದ ಬೇರ್ಪಡಿಸಲು ಕಲಿಯುತ್ತೇವೆ. ರೇಡಿಯೊದಲ್ಲಿ ಅದು ಅವರಿಗೂ ಸಾಧ್ಯವಾಯಿತು. ಮನುಷ್ಯರ ವಿಷಯದಲ್ಲಿ ಮಾತ್ರ ಆಗಲಿಲ್ಲ. ಆ ಪಾಠಕ್ಕೆ ಯಾವ ಸೆಮಿಸ್ಟರ್‌ನಲ್ಲೂ ಸಿಲೆಬಸ್ ಇಲ್ಲ.