ಚಿತ್ತವಿಕಲತೆಯ ಲಕ್ಷಣಗಳು, ಔಷಧೋಪಚಾರ ಮತ್ತು ಜನಾಂಗಭೇದ

ಇಲ್ಲದ ದನಿಗಳು ಕೇಳಿಸುವುದು, ಆಧಾರರಹಿತವಾದ ನಂಬಿಕೆಗಳು ಬೇರೂರುವುದು, ವಿಚಾರಸರಣಿ ಕಡಿದುಹೋಗುವುದು, ಇವು ಚಿತ್ತವಿಕಲತೆಯ ಮುಖ್ಯ ಲಕ್ಷಣಗಳು. ಇದರ ಒಂದು ಪ್ರಧಾನ ಪ್ರಕಾರವಾದ ಸ್ಕಿಜೋಫ್ರೀನಿಯವು ಬಹುಮಟ್ಟಿಗೆ ತಾರುಣ್ಯದಲ್ಲಿ, ವಿದ್ಯಾಭ್ಯಾಸ ಮತ್ತು ಉದ್ಯೋಗಾರಂಭದ ಕಾಲದಲ್ಲಿಯೇ, ತಲೆದೋರುತ್ತದೆ. ಇದರ ಲಕ್ಷಣಗಳೂ ಔಷಧದ ಪರಿಣಾಮವೂ ಜನಾಂಗದಿಂದ ಜನಾಂಗಕ್ಕೆ ಭಿನ್ನವೆಂದು ಹೇಳುವುದುಂಟು. ಆದರೆ ಜನಾಂಗವೆಂಬ ಒಂದೇ ಶಬ್ದದಲ್ಲಿ ಎರಡು ಬೇರೆ ಬೇರೆ ಕಾರಣಗಳು ಅಡಗಿವೆ. ಅವುಗಳನ್ನು ವಿಂಗಡಿಸದೆ ಹೋದರೆ ರೋಗಿಗೆ ಹಾನಿಯೊದಗುತ್ತದೆ.

ಮೊದಲನೆಯದಾಗಿ ಲಕ್ಷಣಗಳನ್ನು ನೋಡೋಣ. ಮಾನವಶಾಸ್ತ್ರಜ್ಞೆ ಟಾನ್ಯ ಲೂರ್ಮನ್ ಮತ್ತು ಅವರ ಸಹೋದ್ಯೋಗಿಗಳು ಕ್ಯಾಲಿಫೋರ್ನಿಯದ ಸ್ಯಾನ್ ಮಟೇಯೊ, ಘಾನಾದ ಆಕ್ರಾ ಮತ್ತು ನಮ್ಮ ಚೆನ್ನೈ ನಗರಗಳಲ್ಲಿ ತಲಾ 20 ರೋಗಿಗಳೊಡನೆ ಸಂಭಾಷಿಸಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಅಮೆರಿಕದವರು ಕೇಳಿದ ದನಿಗಳು ಹೆಚ್ಚಾಗಿ ಹಿಂಸೆಯನ್ನು ನುಡಿಯುವ ಅಪರಿಚಿತ ದನಿಗಳು. ಚೆನ್ನೈಯ ಅನೇಕರಿಗೆ ಕೇಳಿಸಿದುದು ಬಂಧುಗಳ ದನಿ. ಅದು ಗದರಿಸುತ್ತಿತ್ತು, ಮನೆಗೆಲಸವನ್ನೂ ಹೇಳುತ್ತಿತ್ತು. ಆಕ್ರಾದ ಹಲವರು ಅದನ್ನು ದೇವರ ದನಿಯೆಂದು ಭಾವಿಸಿದರು. ದನಿ ಕೇಳಿಸುವುದು ಮೂರು ಕಡೆಗೂ ಸಮಾನ; ಅದರ ಅರ್ಥವನ್ನು ಒದಗಿಸುವುದು ರೋಗಿಯು ಬೆಳೆದ ಸಮಾಜ.

ಔಷಧದ ವಿಷಯದಲ್ಲಿ ಕಾರಣವು ದೇಹದಲ್ಲಿಯೇ ಇರಬಹುದು. ಇತರ ಔಷಧಗಳಿಗೆ ಮಣಿಯದ ಸ್ಕಿಜೋಫ್ರೀನಿಯಕ್ಕೆ ಕ್ಲೋಜಪೀನ್ ಅತ್ಯಂತ ಫಲಕಾರಿಯಾದುದು. ಆದರೆ ಅದು ಕೆಲವೇ ಮಂದಿಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳನ್ನು ಅಪಾಯಕರವಾಗಿ ಕುಗ್ಗಿಸುತ್ತದೆ. 1975ರಲ್ಲಿ ಫಿನ್‌ಲೆಂಡಿನಲ್ಲಿ ಇದರಿಂದ ಸಾವುಗಳೂ ಸಂಭವಿಸಿದುವು. ಆದಕಾರಣ ರಕ್ತಕಣಗಳ ಸಂಖ್ಯೆ ನಿಗದಿತ ಮಟ್ಟದಲ್ಲಿದ್ದರೆ ಮಾತ್ರ ಔಷಧವನ್ನು ಕೊಡುವ ನಿಯಮ ಬಂದಿತು.

ಈ ಮಟ್ಟವು ಎಲ್ಲರಿಗೂ ಒಪ್ಪುವಂಥದಲ್ಲ. ಪಶ್ಚಿಮ ಆಫ್ರಿಕಾ ಮೂಲದ ಬಹುಮಂದಿಯ ಕೆಂಪು ರಕ್ತಕಣಗಳ ಮೇಲೆ ಡಫಿ ಎಂಬ ಪ್ರೋಟೀನು ಇರುವುದಿಲ್ಲ. ವೈವಾಕ್ಸ್ ಮಲೇರಿಯದ ಪರಾವಲಂಬಿಗೆ ಒಳಹೊಗಲು ಈ ಪ್ರೋಟೀನು ಬೇಕಾದುದರಿಂದ, ಅದರ ಅಭಾವ ಒಂದು ರಕ್ಷಣೆಯೇ ಆಗಿದೆ. ಇಂಥವರಲ್ಲಿ ನ್ಯೂಟ್ರೋಫಿಲ್‌ಗಳ ಎಣಿಕೆ ಆರೋಗ್ಯವಿರುವಾಗಲೂ ಕಡಮೆಯಿರುತ್ತದೆ. ಸೋಂಕಿನ ಭಯವಾದರೋ ಹೆಚ್ಚುವುದಿಲ್ಲ. ಆದರೂ ಈ ಸಹಜಸ್ಥಿತಿಯನ್ನು ದೋಷವೆಂದೆಣಿಸಿದುದರಿಂದ ಎಷ್ಟೋ ರೋಗಿಗಳಿಗೆ ಕ್ಲೋಜಪೀನ್ ದೊರೆಯಲಿಲ್ಲ, ಅಥವಾ ನಡುವೆಯೇ ನಿಂತುಹೋಯಿತು. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಚಿಕಿತ್ಸೆಯ ಆರಂಭಕ್ಕೆ ಸಾಮಾನ್ಯರಲ್ಲಿ ಘನ ಮಿಲಿಮೀಟರಿಗೆ 1,500 ಕಣಗಳನ್ನೂ, ಇಂಥವರಲ್ಲಿ 1,000 ಕಣಗಳನ್ನೂ ಕನಿಷ್ಠ ಮಿತಿಯಾಗಿ ಗೊತ್ತುಪಡಿಸಿತು.

ಇಲ್ಲಿಯೂ ಜನಾಂಗವು ಸ್ಥೂಲವಾದ ಸೂಚನೆ ಮಾತ್ರ. ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಈ ಲಕ್ಷಣವಿರುವವರು ಸುಮಾರು ಮೂರರಲ್ಲಿ ಎರಡು ಪಾಲು, ಉಳಿದವರಲ್ಲಿ ಅದಿಲ್ಲ. ಯೆಮೆನ್ ಮೂಲದ ಯೆಹೂದ್ಯರಲ್ಲಿಯೂ ಕೆಲವು ಅರಬ್ ಜನರಲ್ಲಿಯೂ ಅದು ಕಂಡುಬರುತ್ತದೆ. ಡಫಿ ಪ್ರೋಟೀನಿನ ಇರವನ್ನು ರಕ್ತಪರೀಕ್ಷೆಯಿಂದಲೇ ತಿಳಿಯಬಹುದಾದುದರಿಂದ ಮೈಬಣ್ಣದಿಂದ ಊಹಿಸಬೇಕಾಗಿಲ್ಲ. ದನಿಯ ಅರ್ಥವನ್ನು ರೋಗಿಯನ್ನೇ ಕೇಳಿ ತಿಳಿಯಬೇಕು. ಔಷಧದ ಮಿತಿಯನ್ನು ಅವನ ರಕ್ತದಿಂದ ನಿರ್ಧರಿಸಬೇಕು.