ಮೊಬೈಲು ಬಲ್ಲವರಿಗೆಲ್ಲ ಅರ್ಜಿ ತುಂಬಲು ಬರುತ್ತದೆಯೇ?

ಶ್ರೀರಂಗಪಟ್ಟಣ ಎಂದೊಡನೆ ಕರಾವಳಿಯ ಕಥೋಲಿಕರಿಗೆ 1784ರ ಸೆರೆವಾಸ ನೆನಪಾಗುತ್ತದೆ. ಅದೇ ತಾಲೂಕಿನ ಬೆಳಗೊಳದ ಕಡೆ ನಾವು ಈ ಬಾರಿ ನೋಡುತ್ತಿರುವುದು ಬೇರೆ ಕಾರಣಕ್ಕೆ. ಈ ಊರಿನ, ಹಾಗೆಯೇ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಮಕ್ಕಳು ಪದವಿಗಾಗಿ ತಾಲೂಕು ಕೇಂದ್ರದ ಸರಕಾರಿ ಕಾಲೇಜಿಗೆ, ಇಲ್ಲವೇ ಮೈಸೂರು, ಮಂಡ್ಯಕ್ಕೆ ಹೋಗುತ್ತಾರೆ. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಇತ್ಯಾದಿಗಳೆಲ್ಲ ಯು.ಯು.ಸಿ.ಎಂ.ಎಸ್. ಎಂಬ ಜಾಲತಾಣದಲ್ಲಿ, ವಿದ್ಯಾರ್ಥಿವೇತನ ಎಸ್.ಎಸ್.ಪಿ. ಎಂಬ ಇನ್ನೊಂದರಲ್ಲಿ. ಮಂಗಳೂರು ವಿಶ್ವವಿದ್ಯಾನಿಲಯದ ನಮ್ಮ ಮಕ್ಕಳದೂ ಇದೇ ಪಾಡು.

ಈಗಿನ ಮಕ್ಕಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭವೆಂದು ಹಿರಿಯರು ತಿಳಿದಿದ್ದಾರೆ. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ಬಗ್ಗೆ 2023ರಲ್ಲಿ ನಡೆದ ‘ಅಸರ್’ ಸಮೀಕ್ಷೆ ಬೇರೆಯೇ ಹೇಳುತ್ತದೆ. ಸುಮಾರು 90 ಶೇಕಡಾ ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ, ನಿಜ. ಆದರೆ ಹಾಗೆ ಬಳಸಬಲ್ಲವರ ಪೈಕಿ ಸ್ವಂತ ಫೋನ್ ಇದ್ದುದು ಹುಡುಗರಲ್ಲಿ 43.7 ಶೇಕಡಾ, ಹುಡುಗಿಯರಲ್ಲಿ 19.8 ಶೇಕಡಾ ಮಾತ್ರ. ಇವರೇ ಈಗ ಕಾಲೇಜು ಮೆಟ್ಟಲು ಹತ್ತುತ್ತಿರುವವರು. ಒ.ಟಿ.ಪಿ. ಬರುವ ಹೊತ್ತಿಗೆ ಫೋನು ಅಪ್ಪನ ಜೇಬಿನಲ್ಲಿ ಗದ್ದೆಗೆ ಹೋಗಿದ್ದರೆ ಹುಡುಗಿ ಏನು ಮಾಡಬೇಕು?

ಅವಳು ಹೋಗುವುದು ಸೈಬರ್ ಅಂಗಡಿಗೆ. ಅಂಗಡಿಯವರು ಒಳ್ಳೆಯವರೇ ಇರಬಹುದು. ಅರ್ಜಿಯನ್ನು ಬೇಗ ಮುಗಿಸಲು ತಮ್ಮದೇ ಮೊಬೈಲು ನಂಬರು ಹಾಕಿ, ತಮಗೆ ತೋಚಿದ ಪಾಸ್‌ವರ್ಡ್ ಕೊಡುತ್ತಾರೆ. ಮುಂದಿನ ವರ್ಷ ಖಾತೆ ತೆರೆಯಬೇಕಾದರೆ ಕೀಲಿಕೈ ಅವಳ ಬಳಿ ಇರುವುದಿಲ್ಲ. ಇನ್ನೊಂದು ತೊಡಕು ಬ್ಯಾಂಕಿನದು. ಎಸ್.ಎಸ್.ಪಿ. ಹಣ ವಿದ್ಯಾರ್ಥಿಯ ಆಧಾರ್ ಸಂಖ್ಯೆಗೆ ಜೋಡಣೆಯಾದ ಖಾತೆಗೇ ಹೋಗುತ್ತದೆ. ಹಲವು ಖಾತೆಗಳಿದ್ದರೂ ಈ ಜೋಡಣೆ ಒಂದೇ ಬ್ಯಾಂಕಿನೊಂದಿಗೆ, ಕೊನೆಗೆ ಮಾಡಿಸಿದ್ದೇ ಊರ್ಜಿತ. ಪಾಸ್‌ಬುಕ್ಕಿನಲ್ಲಿ ಹಣ ಕಾಣಲಿಲ್ಲವೆಂದು ಕಚೇರಿ ಅಲೆಯುವ ಮೊದಲು ಆಧಾರ್ ಜಾಲತಾಣದಲ್ಲಿ ಈ ಜೋಡಣೆಯ ಸ್ಥಿತಿಯನ್ನು ನೋಡಬಹುದು. ಎರಡು ನಿಮಿಷದ ಕೆಲಸ. ಗೊತ್ತಿಲ್ಲದವರಿಗೆ ಎರಡು ತಿಂಗಳ ಅಲೆದಾಟ.

ಕಾಲೇಜಿನಲ್ಲಿ ಕಲಿಸುವುದಿಲ್ಲವೇ? 2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ವಿಷಯ ರಾಜ್ಯದ ಪದವಿ ತರಗತಿಗಳಿಗೆ ಬಂದಿತ್ತು. ಅದರಲ್ಲಿ ಕೃತಕ ಬುದ್ಧಿಮತ್ತೆ, ಕ್ಲೌಡ್, ಬಿಗ್ ಡೇಟಾ ಎಲ್ಲ ಇತ್ತು. ಇ-ಮೇಲಿಗೆ ಕಡತ ಲಗತ್ತಿಸಲು ತಿಳಿಯದ ಮಕ್ಕಳಿಗೆ ಇದು ಮಹಡಿ ಮೇಲಿನ ಪಾಠವೆಂದೇ ನಮ್ಮ ಅಭಿಪ್ರಾಯ. 2024ರಲ್ಲಿ ಆ ಪಠ್ಯಕ್ರಮದ ಚೌಕಟ್ಟನ್ನೇ ರಾಜ್ಯ ಕೈಬಿಟ್ಟಿತು.

ಕನ್ನಡ ಟೈಪಿಂಗ್ ಕೂಡ ಹಾಗೆಯೇ. ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಸುಲಭ ಮಾಡಿದೆ. ಆದರೂ ಕನ್ನಡ ಮಾಧ್ಯಮದ ಎಷ್ಟೋ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ.

ಧರ್ಮಕೇಂದ್ರಗಳಲ್ಲಿ ಐ.ಸಿ.ವೈ.ಎಂ. ಯುವಜನರಿದ್ದಾರೆ, ಕಚೇರಿಯಲ್ಲಿ ಕಂಪ್ಯೂಟರೂ ಇದೆ. ವಿದ್ಯಾರ್ಥಿವೇತನದ ಅರ್ಜಿ ಕರೆದ ವಾರಗಳಲ್ಲಿ ಭಾನುವಾರದ ಪೂಜೆಯ ಬಳಿಕ ಒಂದು ಗಂಟೆ ಕುಳಿತರೆ ಸಾಕು. ಒಂದು ನಿಯಮ ಮಾತ್ರ ಇರಲಿ: ಸಹಾಯಕ್ಕೆ ಕುಳಿತವರು ಪಕ್ಕದಲ್ಲಿ ನಿಂತು ಹೇಳಿಕೊಡಲಿ, ಅರ್ಜಿಯನ್ನು ವಿದ್ಯಾರ್ಥಿಯೇ ತುಂಬಲಿ, ಪಾಸ್‌ವರ್ಡನ್ನು ಅವರೇ ಬರೆದಿಟ್ಟುಕೊಳ್ಳಲಿ. ಹುಡುಗಿಯರು ಬರುವಾಗ ಒ.ಟಿ.ಪಿ. ಬರುವ ಫೋನನ್ನು ಜೊತೆಗೆ ಕಳುಹಿಸಿಕೊಡುವಂತೆ ಹಿಂದಿನ ಭಾನುವಾರವೇ ತಂದೆತಾಯಿಗಳಿಗೆ ಪ್ರಕಟಣೆಯಲ್ಲಿ ತಿಳಿಸಬೇಕು.