ಸಾಲಿನಲ್ಲಿ ಮುಂದೆ ನಿಲ್ಲುವ ಬೆಲೆ

2023ರ ಸೆಪ್ಟೆಂಬರ್ 10ರಂದು ಬಿಟ್‌ಕಾಯಿನ್ ಜಾಲದಲ್ಲಿ ಒಂದು ವಿಚಿತ್ರ ವಹಿವಾಟು ದಾಖಲಾಯಿತು. ಕಳಿಸಿದ ಮೊತ್ತ ಸುಮಾರು 2,000 ಡಾಲರ್. ಅದಕ್ಕೆ ತೆತ್ತ ಶುಲ್ಕ 19.8 ಬಿಟ್‌ಕಾಯಿನ್, ಅಂದಿನ ದರದಲ್ಲಿ ಸುಮಾರು ಐದು ಲಕ್ಷ ಡಾಲರ್! ಕಳಿಸಿದ್ದು ಅಮೆರಿಕದ ಪ್ಯಾಕ್ಸೋಸ್ ಕಂಪನಿ. ತಂತ್ರಾಂಶದ ದೋಷದಿಂದ ಹೀಗಾಯಿತೆಂದು ಅದು ಒಪ್ಪಿಕೊಂಡಿತು. ಆ ವಹಿವಾಟಿದ್ದ ಬ್ಲಾಕನ್ನು, ಅಂದರೆ ವಹಿವಾಟುಗಳ ಕಂತೆಯನ್ನು, ಜಾಲಕ್ಕೆ ಸೇರಿಸಿ ಶುಲ್ಕ ಪಡೆದಿದ್ದ ಗಣಿಗಾರರ ಕೂಟ ಎಫ್2ಪೂಲ್ ಹಣವನ್ನು ಮರಳಿಸಿತು. ಮರಳಿಸಲೇಬೇಕು ಎಂಬ ನಿಯಮವೇನೂ ಜಾಲದಲ್ಲಿಲ್ಲ.

ಬ್ಯಾಂಕಿನಲ್ಲಾದರೆ ದರಪಟ್ಟಿ ಇರುತ್ತದೆ, ಇಂಥ ಎಡವಟ್ಟಿಗೆ ಎಡೆಯಿಲ್ಲ. ಕ್ರಿಪ್ಟೋ ಜಾಲಗಳಲ್ಲಿ ಕಳಿಸುವವರೇ ಬೆಲೆ ಕೂಗಬೇಕು. ಬಿಟ್‌ಕಾಯಿನ್‌ನಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ ಸೇರುತ್ತದೆ, ಅದರಲ್ಲಿರುವ ಜಾಗ ಸೀಮಿತ. ಹೆಚ್ಚು ಕೂಗಿದವರಿಗೆ ಮೊದಲ ಜಾಗ. ನೂರು ರೂಪಾಯಿ ಕಳಿಸಿದರೂ ಕೋಟಿ ಕಳಿಸಿದರೂ ಶುಲ್ಕ ನಿಲ್ಲುವುದು ವಹಿವಾಟಿನ ದತ್ತಾಂಶ ಎಷ್ಟು ಬೈಟ್ ಇದೆ, ಸಾಲು ಎಷ್ಟು ಉದ್ದ ಇದೆ ಎಂಬುದರ ಮೇಲೆ. 2024ರ ಏಪ್ರಿಲ್ 20ರಂದು ಗಣಿಗಾರರ ಸಂಭಾವನೆ ಅರ್ಧಕ್ಕಿಳಿದ ದಿನವೇ ರೂನ್ಸ್ ಎಂಬ ಹೊಸ ಟೋಕನ್ ವ್ಯವಸ್ಥೆಯೂ ಶುರುವಾಯಿತು. ನೂಕುನುಗ್ಗಲಿಗೆ ಆ ದಿನದ ಸರಾಸರಿ ಶುಲ್ಕ 100 ಡಾಲರ್ ದಾಟಿತು.

ಬಿಟ್‌ಕಾಯಿನ್ ಮುಖ್ಯವಾಗಿ ಹಣದ ಲೆಕ್ಕ ಬರೆಯುತ್ತದೆ. 2015ರ ಜುಲೈನಲ್ಲಿ ಶುರುವಾದ ಇಥೀರಿಯಂ ಅದರಾಚೆಗೆ ಹೋಗಿ, ಯಾರು ಬೇಕಾದರೂ ಬರೆದ ಪ್ರೋಗ್ರಾಮನ್ನು ಓಡಿಸುತ್ತದೆ. ಅದೇ ಸ್ಮಾರ್ಟ್ ಕಾಂಟ್ರಾಕ್ಟ್. ಈ ಕಲ್ಪನೆಗೆ ಹೆಸರಿಟ್ಟ ನಿಕ್ ಸಾಬೋ ಕೊಟ್ಟ ಹೋಲಿಕೆ ಇಂದಿಗೂ ಸಲ್ಲುತ್ತದೆ: ನಾಣ್ಯ ಹಾಕಿದರೆ ತಂಪು ಪಾನೀಯದ ಬಾಟಲಿ ಉದುರಿಸುವ ಯಂತ್ರ. ಷರತ್ತು ಪೂರೈಸಿತೇ, ಕೆಲಸ ಆಯಿತು. ನಡುವೆ ಅಂಗಡಿಯವನಿಲ್ಲ. ಸಾಲ ಕೊಡುವುದು, ಟೋಕನ್ ಅದಲುಬದಲು ಮಾಡುವುದು, ಹರಾಜು ಹಾಕುವುದು ಎಲ್ಲವೂ ಹೀಗೆ ನಡೆಯಬಲ್ಲದು.

ಆದರೆ ಆ ಪ್ರೋಗ್ರಾಮಿನ ಒಂದೊಂದು ಹೆಜ್ಜೆಯನ್ನೂ ಜಗತ್ತಿನಾದ್ಯಂತ ಹರಡಿರುವ ಸಾವಿರಾರು ಕಂಪ್ಯೂಟರುಗಳು ಮತ್ತೆ ಮತ್ತೆ ಲೆಕ್ಕಹಾಕಿ ನೋಡುತ್ತವೆ. ಆ ಲೆಕ್ಕದ ಕೆಲಸದ ಅಳತೆಯೇ 'ಗ್ಯಾಸ್'. ಇಥೀರಿಯಂನ ನಾಣ್ಯವಾದ ಈಥರನ್ನು ಬರೀ ಕಳಿಸಲು 21,000 ಗ್ಯಾಸ್ ಬೇಕು. ಒಂದು ಟೋಕನ್ ಕೊಟ್ಟು ಇನ್ನೊಂದನ್ನು ಪಡೆಯುವ ಕಾಂಟ್ರಾಕ್ಟಿಗೆ 1,50,000 ಬೇಕಾದೀತು. ಗ್ಯಾಸ್‌ನ ದರವನ್ನು ಈಥರಿನ ನೂರು ಕೋಟಿಯಲ್ಲೊಂದು ಪಾಲಾದ 'ಗ್ವೇ'ಯಲ್ಲಿ ಹೇಳುತ್ತಾರೆ. ಈಥರ್ ಬೆಲೆ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ದರ 20 ಗ್ವೇ ಇದ್ದ ದಿನ ಕಳಿಸುವುದಕ್ಕೆ 84 ರೂಪಾಯಿ, ಅದಲುಬದಲಿಗೆ 600 ರೂಪಾಯಿ. ದರ 500ಕ್ಕೆ ಏರಿದರೆ ಅವೇ 2,100 ಮತ್ತು 15,000 ಆಗುತ್ತವೆ. ಕೆಲಸ ಅಷ್ಟೇ, ಸಾಲು ಮಾತ್ರ ಬೆಳೆದಿರುತ್ತದೆ.

ಸಾಲು ಬೆಳೆಯಲು ಘನವಾದ ಕಾರಣವೇನೂ ಬೇಕಿಲ್ಲ. 2017ರ ಕೊನೆಯಲ್ಲಿ ಕ್ರಿಪ್ಟೋಕಿಟ್ಟೀಸ್ ಎಂಬ ಬೆಕ್ಕು ಸಾಕುವ ಆಟ ಇಡೀ ಇಥೀರಿಯಂ ಜಾಲವನ್ನು ಕಟ್ಟಿಹಾಕಿತ್ತು. 2022ರ ಏಪ್ರಿಲ್ ಕೊನೆಯಲ್ಲಿ ಯುಗ ಲ್ಯಾಬ್ಸ್ ಕಂಪನಿ 'ಅದರ್‌ಸೈಡ್' ಎಂಬ ಕಾಲ್ಪನಿಕ ಲೋಕದ 55,000 ನಿವೇಶನಗಳನ್ನು ಮಾರಿದಾಗ ಜನ ಗ್ಯಾಸ್‌ಗೇ 15 ಕೋಟಿ ಡಾಲರಿಗೂ ಹೆಚ್ಚು ಸುರಿದರು. ವಹಿವಾಟು ವಿಫಲವಾದವರಿಗೂ ಶುಲ್ಕ ಕಡಿತವಾಯಿತು. ಗುರಿ ಮುಟ್ಟಲಿ ಬಿಡಲಿ, ಲೆಕ್ಕಹಾಕಿದ ಕೂಲಿ ಕೂಲಿಯೇ. ಕೊನೆಗೆ ಅಂಥವರ ಗ್ಯಾಸ್ ಹಣವನ್ನು ಕಂಪನಿ ತಾನೇ ತುಂಬಿಕೊಡಬೇಕಾಯಿತು.

ಕಾಂಟ್ರಾಕ್ಟಿನ ಇನ್ನೊಂದು ಬೆಲೆ ಶುಲ್ಕದಲ್ಲಿ ಕಾಣುವುದಿಲ್ಲ. ಅದು ಬರೆದದ್ದನ್ನು ಬರೆದಂತೆಯೇ ಪಾಲಿಸುತ್ತದೆ, ಬರೆದವರ ತಪ್ಪನ್ನೂ ಸೇರಿಸಿ. 2016ರ ಜೂನ್‌ನಲ್ಲಿ 'ದಿ ಡಿಎಒ' ಎಂಬ ಸಾಮೂಹಿಕ ನಿಧಿಯ ಕೋಡಿನಲ್ಲಿದ್ದ ಬಿರುಕಿನಿಂದ 36 ಲಕ್ಷ ಈಥರ್ ಸೋರಿಹೋಯಿತು. ನಷ್ಟ ತುಂಬಲು ಮುಂದಿನ ತಿಂಗಳು ಜಾಲದ ದಾಖಲೆಯನ್ನೇ ತಿದ್ದಲಾಯಿತು. ಒಪ್ಪದವರು ಹಳೆಯ ದಾಖಲೆಯನ್ನೇ ಹಿಡಿದು ಇಥೀರಿಯಂ ಕ್ಲಾಸಿಕ್ ಎಂದು ಬೇರೆಯಾದರು.

ಅಗ್ಗದ ಜಾಲಗಳ ಮಾತಿಗೆ ಬಂದರೆ ಸೊಲಾನಾ ಎದ್ದು ಕಾಣುತ್ತದೆ. ಅಲ್ಲಿ ಒಂದು ಸಹಿಗೆ ಮೂಲ ಶುಲ್ಕ ಆ ಜಾಲದ ನಾಣ್ಯವಾದ ಸೋಲ್‌ನಲ್ಲಿ 0.000005. ಸೋಲ್ ಬೆಲೆ 15,000 ರೂಪಾಯಿ ಇದ್ದರೂ ಅದು ಎಂಟು ಪೈಸೆ ದಾಟದು. ಅವಸರವಿದ್ದವರು ಮೇಲೆ ಇನ್ನಷ್ಟು ಕೊಡಬಹುದು. ಈ ಅಗ್ಗದ ಹಿಂದೆ ಯಾರೋ ಖರ್ಚು ಮಾಡುತ್ತಿದ್ದಾರೆ. ಇಥೀರಿಯಂನ ಲೆಕ್ಕವನ್ನು ಮನೆಯ ಒಳ್ಳೆಯ ಕಂಪ್ಯೂಟರಿನಲ್ಲೇ ಪರಿಶೀಲಿಸಬಹುದು. ಸೊಲಾನಾದಲ್ಲಿ ಲೆಕ್ಕ ಪರಿಶೀಲಿಸುವ ವ್ಯಾಲಿಡೇಟರ್ ಆಗಲು ನೂರಾರು ಜಿಬಿ ಮೆಮೊರಿಯ ಸರ್ವರ್ ಬೇಕು. 2021ರ ಸೆಪ್ಟೆಂಬರ್ 14ರಂದು ಹೊಸ ಟೋಕನ್ ಕೊಳ್ಳಲು ಬಾಟ್‌ಗಳು ಮುಗಿಬಿದ್ದಾಗ ಆ ಜಾಲ ಸುಮಾರು 17 ಗಂಟೆ ನಿಂತುಹೋಗಿತ್ತು. ಶುಲ್ಕ ತೀರ ಕಡಿಮೆಯಾದರೆ ಕಸ ಸುರಿಯುವುದಕ್ಕೂ ಖರ್ಚಿಲ್ಲ ಎಂಬುದು ಆಗ ಬಯಲಾಯಿತು.

2017ರಲ್ಲಿ ಭಾರತೀಯ ಎಂಜಿನಿಯರುಗಳು 'ಮ್ಯಾಟಿಕ್' ಎಂದು ಆರಂಭಿಸಿದ ಪಾಲಿಗಾನ್ ಕೂಡ ಹೆಸರು ಮಾಡಿದ್ದು ಕಡಿಮೆ ಶುಲ್ಕದಿಂದಲೇ. 2022ರ ಜನವರಿಯಲ್ಲಿ ಸನ್‌ಫ್ಲವರ್ ಫಾರ್ಮರ್ಸ್ ಎಂಬ ಬೇಸಾಯದ ಆಟ ಅದನ್ನೂ ಇಕ್ಕಟ್ಟಿಗೆ ಸಿಲುಕಿಸಿತು. ಮೊದಲು ಬೆಕ್ಕು, ಆಮೇಲೆ ಸೂರ್ಯಕಾಂತಿ!

ಇಥೀರಿಯಂ ಹಿಡಿದ ದಾರಿ ಬೇರೆ. ಆರ್ಬಿಟ್ರಮ್, ಆಪ್ಟಿಮಿಸಂ, ಬೇಸ್ ಮುಂತಾದ ಎರಡನೇ ಪದರದ ಜಾಲಗಳು ನೂರಾರು ವಹಿವಾಟುಗಳನ್ನು ಒಟ್ಟುಮಾಡಿ ಅವುಗಳ ದಾಖಲೆಯನ್ನು ಮೂಲ ಜಾಲಕ್ಕೆ ಸಲ್ಲಿಸುತ್ತವೆ. ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ. 2024ರ ಮಾರ್ಚ್ 13ರ ಡೆನ್‌ಕುನ್ ಪರಿಷ್ಕರಣೆ ಇಂಥ ದಾಖಲೆಗೆಂದೇ ಅಗ್ಗದ ಜಾಗ ಒದಗಿಸಿದ ಮೇಲೆ ಅಲ್ಲಿನ ಶುಲ್ಕ ಕೆಲವೇ ಸೆಂಟುಗಳಿಗೆ ಇಳಿಯಿತು. ಕಾಂಟ್ರಾಕ್ಟುಗಳನ್ನು ಬರೆಯುವ ಭಾಷೆ ಇಲ್ಲೂ ಇಥೀರಿಯಂನದೇ, ಸಾಲಿಡಿಟಿ. ಆದರೆ ಈ ಜಾಲಗಳಿಂದ ಮೂಲ ಜಾಲಕ್ಕೆ ನೇರವಾಗಿ ಹಣ ಮರಳಿಸಿಕೊಳ್ಳಲು ಸಾಮಾನ್ಯವಾಗಿ ಏಳು ದಿನ ಕಾಯಬೇಕು. ವಹಿವಾಟುಗಳ ಸರದಿ ನಿರ್ಧರಿಸುವುದು ಕೂಡ ಹೆಚ್ಚಾಗಿ ಒಂದೇ ಸಂಸ್ಥೆ.

ಭಾರತದ ಬಳಕೆದಾರರು ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಯುಎಸ್‌ಡಿಟಿಯಂಥ ಡಾಲರ್ ಟೋಕನ್ ಇಥೀರಿಯಂ, ಟ್ರಾನ್, ಸೊಲಾನಾ ಹೀಗೆ ಹಲವು ಜಾಲಗಳಲ್ಲಿದೆ. ಅಗ್ಗವೆಂದು ಒಂದನ್ನು ಆರಿಸುವ ಮೊದಲು, ಪಡೆಯುವವರ ಖಾತೆ ಅದೇ ಜಾಲವನ್ನು ಒಪ್ಪುತ್ತದೆಯೇ ಎಂದು ನೋಡಿಕೊಳ್ಳಬೇಕು. ತಪ್ಪಿದರೆ ಹಣ ಕೈಗೆ ಸಿಗದೆ ಹೋಗಬಹುದು. ಎರಡನೆಯದು ತೆರಿಗೆ. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ 30 ತೆರಿಗೆ, ಜುಲೈನಿಂದ ಮಾರಾಟದ ಮೊತ್ತಕ್ಕೆ ಶೇ 1 ಟಿಡಿಎಸ್ ಬಂದಿದೆ. ಲಕ್ಷ ರೂಪಾಯಿಯ ಟೋಕನ್ ಮಾರಿದರೆ ಸಾವಿರ ರೂಪಾಯಿ ಮೂಲದಲ್ಲೇ ಕಡಿತ; ಜಾಲದ ಶುಲ್ಕ ಅದರ ಮುಂದೆ ಎಷ್ಟೋ ಸಲ ಲೆಕ್ಕಕ್ಕೇ ಬರದು. ಲಾಭದ ಲೆಕ್ಕದಲ್ಲಿ ಕಳೆಯಲು ಅವಕಾಶವಿರುವುದು ಕೊಂಡ ಬೆಲೆಗೆ ಮಾತ್ರ. ಮಾರುವಾಗ, ಸಾಗಿಸುವಾಗ ತೆತ್ತ ಗ್ಯಾಸ್ ಅದರಲ್ಲಿ ಸೇರುವುದಿಲ್ಲ.